ಲೋಕಯ್ಯನ ಒಳ್ಳೆಯ ಕಾಲು

ಒಂದು ಅಡಿಕೆಮರದ ತುದಿಯಿಂದ ಪಕ್ಕದ ಮರದ ತುದಿಗೆ, ನೆಲ ಮುಟ್ಟದೆ, ಸಣ್ಣ ನೀರಿನ ತೋಡು ದಾಟಿದಷ್ಟು ಸಲೀಸಾಗಿ ದಾಟುವವನು ಕಾರಡ್ಕದ ಲೋಕಯ್ಯ. ಇಪ್ಪತ್ತೆಂಟು ವರ್ಷ ಹತ್ತಿದ್ದಾನೆ, ಒಂದು ಸಲವೂ ಬಿದ್ದವನಲ್ಲ. ಆ ಜಂಬ ಅವನಿಗೆ ಸ್ವಲ್ಪ ಹೆಚ್ಚೇ ಇತ್ತು. ಇರಲಿ ಬಿಡಿ, ದುಡಿದು ಗಳಿಸಿದ ಜಂಬ. ಅಂಥವನು ಈ ವರ್ಷ ಬಸ್ಸಿನಿಂದ ಇಳಿಯುವಾಗ ಬಲಗಾಲು ಉಳುಕಿಸಿಕೊಂಡ. ಒಂದಲ್ಲ, ಮೂರು ಸಲ! ನಾಚಿಕೆಯಿಂದ ಹೆಂಡತಿಗೂ ಹೇಳಲಿಲ್ಲ.

ಕಳೆದ ವಾರ ಮರದ ತುದಿಯಲ್ಲಿದ್ದಾಗ, ಪಾದಗಳನ್ನು ಮರಕ್ಕೆ ಅಮುಕಿ ಹಿಡಿಯುವ ತಳೆಹಗ್ಗದೊಳಗೆ ಆ ಕಾಲು ತಾನಾಗಿಯೇ ಹೊರಳಿತು. ಜೀವ ಬಾಯಿಗೆ ಬಂತು. ಮರ ತಬ್ಬಿಕೊಂಡು ಎಷ್ಟೋ ಹೊತ್ತು ಹಾಗೆಯೇ ಇದ್ದ. ಇಳಿದ ಮೇಲೆ ಅವನು ತಡವರಿಸಿದ್ದನ್ನು, ಹತ್ತುವವರ ತಂಡ ನಡೆಸುವ ಹರಿನಾರಾಯಣ ಭಟ್ಟರು ನೋಡಿಬಿಟ್ಟರು.

"ಯಾವ ಕಾಲು ಮಾರಾಯ?"

"ಎಡದ್ದು," ಎಂದ ಲೋಕಯ್ಯ. ಬಾಯಿಗೆ ಬಂದದ್ದು ಅದು.

"ಯಾವುದಾದರೂ ಆಗಲಿ, ಕ್ಲಿನಿಕ್ಕಿನಲ್ಲಿ ತೋರಿಸಿ, ಹತ್ತಬಹುದು ಅಂತ ಕಾಗದ ತಾ. ಕಾಗದ ಇಲ್ಲದೆ ಅಡಿಕೆಗೆ ಕೊಳೆರೋಗದ ಮದ್ದು ಬಿಡ್ಲಿಕ್ಕೆ ಹತ್ತುವುದು ಬೇಡ."

ಆಗಲೇ ಲೋಕಯ್ಯನಿಗೆ ಉಪಾಯ ಹೊಳೆಯಿತು. ಗಟ್ಟಿಯಿರುವ ಎಡಗಾಲನ್ನೇ ತೋರಿಸಿದರೆ ಆಯಿತಲ್ಲ! ಎಂಥ ಬುದ್ಧಿ ನೋಡಿ. ಎಡಗಾಲು ಕುಂಟುವುದನ್ನು ಎರಡು ದಿನ ಅಭ್ಯಾಸ ಬೇರೆ ಮಾಡಿದ.

ಬದಿಯಡ್ಕದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿದ್ದವಳು ನುಸ್ರತ್, ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ. ಅವನನ್ನು ಮಂಚದ ಮೇಲೆ ಕೂರಿಸಿ, ಎರಡು ಕಡ್ಡಿಗಳ ಪ್ಲಾಸ್ಟಿಕ್ ಕೋನಮಾಪಕವನ್ನು ಎಡಪಾದದ ಗಂಟಿಗೆ ಹಿಡಿದು, ಪಾದವನ್ನು ಮೇಲೆ ಕೆಳಗೆ ಮಡಚಿಸಿದಳು. ಡಿಗ್ರಿ ಬರೆದುಕೊಂಡಳು. ಒಂದು ಕೈಯಲ್ಲಿ ಮೊಣಕಾಲಿನ ಕೆಳಗಿನ ಎಲುಬು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹಿಮ್ಮಡಿಯನ್ನು ಮುಂದಕ್ಕೆ ಎಳೆದು ನೋಡಿದಳು. ಗಂಟು ಅಲ್ಲಾಡಲಿಲ್ಲ. ಲೋಕಯ್ಯ ಒಳಗೊಳಗೇ ಬೀಗಿದ.

"ಈಗ ಇನ್ನೊಂದು ಕಾಲು ಕೊಡಿ ಲೋಕಯ್ಯಣ್ಣ."

"ಅದೆಂತಕ್ಕೆ ಮೇಡಂ? ಅದಕ್ಕೆ ಎಂತ ಆಗ್ಲಿಲ್ಲ!"

"ಅದಕ್ಕೇ ಬೇಕು. ಒಳ್ಳೆ ಕಾಲನ್ನು ನೋಡದೆ ಕೆಟ್ಟದ್ದು ಎಷ್ಟು ಕೆಟ್ಟಿದೆ ಅಂತ ಹೇಗೆ ಗೊತ್ತಾಗುವುದು?"

ಲೋಕಯ್ಯ ವಿಧಿಯಿಲ್ಲದೆ ಕಾಲು ಚಾಚಿದ. ಬಲಗಾಲಿನ ಮೀನಖಂಡವನ್ನು ಕಲ್ಲಿನಷ್ಟು ಬಿಗಿ ಮಾಡಿದ.

"ಸಡಿಲ ಬಿಡಿ ಅಣ್ಣ. ಇನ್ನೂ... ಇನ್ನೂ ಬಿಡಿ."

ಎಷ್ಟು ಹೊತ್ತು ಬಿಗಿ ಹಿಡಿಯುವುದು? ಬಿಟ್ಟ. ಅವಳು ಡಿಗ್ರಿ ಬರೆದುಕೊಂಡು ಎಳೆದಾಗ ಹಿಮ್ಮಡಿ ಮುಂದಕ್ಕೆ ಜಾರಿತು. ನೋವು ಮೊಣಕಾಲಿನವರೆಗೆ ಏರಿತು.

"ನೋವುಂಟಾ?"

"ಎಂತ ಇಲ್ಲ," ಎಂದು ಹಲ್ಲು ಕಚ್ಚಿಕೊಂಡೇ ನಕ್ಕ.

ಅವಳು ಹುಬ್ಬು ಗಂಟಿಕ್ಕಿ ಎರಡೂ ಲೆಕ್ಕಗಳನ್ನು ನೋಡುತ್ತ ಕುಳಿತಳು. ಸಿಕ್ಕಿಬಿದ್ದೆ ಎಂದುಕೊಂಡು ಲೋಕಯ್ಯ ಬೆವತುಹೋದ. ಕೊನೆಗೆ ಅವಳು ಹತ್ತಬಹುದೆಂಬ ಕಾಗದಕ್ಕೆ ಸಹಿ ಹಾಕಿ ಅವನ ಕೈಗೇ ಕೊಟ್ಟಳು.

"ಗಾಬರಿ ಬೇಡ. ಬಲಗಾಲು ಒಳ್ಳೆ ಸಡಿಲ ಉಂಟು, ಅದು ಸರಿಯಿದೆ. ಎಡದ್ದು ಉಳುಕಿದ ಮೇಲೆ ಬಿಗಿ ಹಿಡಿದಿದೆ, ಅಷ್ಟೆ. ಅದನ್ನು ಎಳೆದೆಳೆದು ಬಲದ್ದರ ಹಾಗೆ ಮಾಡುವ. ಅಲ್ಲಿವರೆಗೆ ಹತ್ತುವಾಗ ಭಾರ ಎಲ್ಲ ಬಲಗಾಲಿಗೇ ಹಾಕಿ."

ಹೇಳಿದವಳೇ ಎಡಗಾಲನ್ನು ಎರಡೂ ಕೈಗಳಿಂದ ಹಿಡಿದಳು. ಇದ್ದದ್ದು ಒಂದೇ ಒಳ್ಳೆಯ ಕಾಲು! ಅದನ್ನೂ ಬಲದ್ದರ ಹಾಗೆ ಮಾಡಲು ಹೊರಟಿದ್ದಾಳೆ! ಲೋಕಯ್ಯ ಕಾಲು ಕಿತ್ತುಕೊಂಡ.

"ಬೇಡ ಮೇಡಂ, ಅದು ಬೇಡ! ಕೆಟ್ಟದ್ದು ಬಲದ್ದು. ನಾನು ಸುಳ್ಳು ಹೇಳಿದ್ದು!"

ನುಸ್ರತ್ ಬಿಳಿಚಿಕೊಂಡಳು.

"ನಾನು ಸಹಿ ಹಾಕಿದೆನಲ್ಲ ಅಣ್ಣ... ಭಾರ ಬಲಕ್ಕೆ ಹಾಕಿ ಅಂತ ನಾನೇ ಹೇಳಿದೆನಲ್ಲ! ನೀವು ಬಿದ್ದಿದ್ರೆ ನಾನು ಹೇಗೆ ಬದುಕುವುದು?"

ಅವಳ ಕಣ್ಣಲ್ಲಿ ನೀರು ಕಂಡು ಲೋಕಯ್ಯ ಮಂಚದಿಂದ ಇಳಿದ. ಸಾಯುವ ಮಾತು ಅವನಿಗೆ ಹೊಸತಲ್ಲ. ತನ್ನ ಸಾವಿಗೆ ಈ ಹುಡುಗಿ ಉತ್ತರ ಹೇಳಬೇಕಾಗುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ. ಫೋನ್ ತೆಗೆದು ಭಟ್ಟರಿಗೆ ಮಾಡಿದ.

"ಭಟ್ರೇ, ಈ ಸಲ ಮದ್ದು ಬಿಡ್ಲಿಕ್ಕೆ ಬೇರೆಯವರನ್ನು ನೋಡಿ."

"ಯಾಕೆ, ಕಾಗದ ಸಿಗ್ಲಿಲ್ವಾ?"

"ಸಿಕ್ಕಿತ್ತು," ಎಂದ ಲೋಕಯ್ಯ. ಫೋನನ್ನು ಭುಜಕ್ಕೆ ಒತ್ತಿ ಹಿಡಿದು ಕಾಗದವನ್ನು ಎರಡು ತುಂಡು ಮಾಡಿದ. "ನಾನೇ ಹರಿದು ಹಾಕಿದೆ."