ಅಜ್ಜಿ ಹಾಕಿದ ದೀರ್ಘ

ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಅಜ್ಜಯ್ಯನ ಮೀನು ಎನ್ನುತ್ತಿದ್ದರು. ಅಂಗೈಯಗಲದ ಫೋಟೋ. ಯುದ್ಧಕಾಲದ ಇಟಲಿ, ಜರ್ಮನ್ನರು ಬಿಟ್ಟು ಓಡಿದ ವಿಮಾನ ನಿಲ್ದಾಣ. ಖಾಕಿ ಚಡ್ಡಿ ತೊಟ್ಟ ಅಜ್ಜಯ್ಯ ಮೀನಿನಾಕಾರದ ಕಬ್ಬಿಣದ ದಿಮ್ಮಿಯೊಂದರ ಮೇಲೆ ಕಾಲಿಟ್ಟು, ಬಾಯಲ್ಲಿ ಬೀಡಿ ಕಚ್ಚಿ ನಗುತ್ತಿದ್ದಾರೆ. ಹಿಂಬದಿಯಲ್ಲಿ ಅವರ ಕೈಬರಹದ ಒಂದೇ ಪದ: ಪ್ರೀತ್ಸು.

ಸೈನ್ಯದಿಂದ ಮರಳಿದ ವರ್ಷ ಮದುವೆಯಾದ ಅವರು ಹೆಂಡತಿಗೆ ಕೊಟ್ಟ ಮೊದಲ ವಸ್ತು ಅದು. ರಜೆಗೆ ಅವರ ಊರು ಮೇಗುಂದಕ್ಕೆ ಹೋದಾಗಲೆಲ್ಲ ಅಜ್ಜಿ ಟ್ರಂಕಿನ ಸೀರೆಯ ಮಡಿಕೆಯಿಂದ ಅದನ್ನು ತೆಗೆದು ತೋರಿಸುತ್ತಿದ್ದರು. "ಅಜ್ಜಿ, ಹಿಂದೆ ಬರ್ದಿದ್ದು ಓದಿ" ಎಂದು ನಾವು ಕಾಡುತ್ತಿದ್ದೆವು. "ಥೂ, ಹೋಗ್ರೋ" ಎನ್ನುತ್ತಲೇ ಓದುತ್ತಿದ್ದರು. ಮೊದಲೇ ಮಾತು ಕಡಿಮೆಯಾದ ಅಜ್ಜಯ್ಯ, ಕೇಳಿಸದವರಂತೆ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಅವರು ಹೋಗಿ ಬಹಳ ಕಾಲವಾಯಿತು. ತೊಂಬತ್ತು ದಾಟಿದ ಅಜ್ಜಿ ಈಚೆಗೆ, ಆ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕು ಎಂದರು. ನರಸಿಂಹರಾಜಪುರದಲ್ಲಿ ಸ್ಟುಡಿಯೊ ಇಟ್ಟಿರುವ ನನ್ನ ಕಾಲೇಜು ಗೆಳೆಯನ ಬಳಿ ಒಯ್ದೆ. ಸ್ಕ್ಯಾನ್ ಮಾಡಿ ಪರದೆಯಲ್ಲಿ ಹಿಗ್ಗಿಸಿದಾಗ ಮೀನಿಗೆ ನಾಲ್ಕು ಮೋಟು ರೆಕ್ಕೆ ಕಂಡವು, ಬಾಲಕ್ಕೊಂದು ಚೌಕಟ್ಟು. ಅವನು ಹಿಂಬದಿಯನ್ನೂ ಹಿಗ್ಗಿಸಿದ.

"ಇದು ಪ್ರೀತ್ಸು ಅಲ್ಲ ಮಾರಾಯ. ಕಪ್ಪು ಶಾಯಿಲಿ ಇರೋದು ಪ್ರಿಟ್ಸು. ದೀರ್ಘ ಆಮೇಲೆ ಯಾರೋ ನೀಲಿಲಿ ಎಳ್ದಿದಾರೆ. ಟ ತಿದ್ದಿ ತ ಮಾಡಿದಾರೆ."

"ಪ್ರಿಟ್ಸು ಅಂದ್ರೆ ಎಂತದು?"

"ನಿಮ್ಮಜ್ಜಯ್ಯನ ಇಟಲಿ ಹುಡುಗಿ ಇರ್ಬೇಕು" ಎಂದು ನಗುತ್ತ ಅವನು ಮೊಬೈಲಿನಲ್ಲಿ ಹುಡುಕಿದ. ನಗು ನಿಂತಿತು. ಫೋನನ್ನು ನನ್ನ ಕಡೆ ತಿರುಗಿಸಿದ. ಫ್ರಿಟ್ಸ್ ಎಕ್ಸ್. ವಿಮಾನದಿಂದ ಬಿಟ್ಟ ಮೇಲೂ ರೇಡಿಯೊ ಮೂಲಕ ದಿಕ್ಕು ತಿದ್ದಬಹುದಾದ, ಹಡಗಿನ ಉಕ್ಕನ್ನೇ ತೂರಿ ಒಳಗೆ ಸಿಡಿಯುವ ಜರ್ಮನ್ ಬಾಂಬು. ಅದೇ ನಾಲ್ಕು ರೆಕ್ಕೆ, ಅದೇ ಬಾಲ. ಅಜ್ಜಯ್ಯ ಬರೆದದ್ದು ಅದರ ಹೆಸರು.

ನನ್ನ ಕಣ್ಣು ಬೀಡಿಯ ತುದಿಗೆ ಹೋಯಿತು. ಬಾಂಬಿನೊಳಗೆ ಮದ್ದು ಇತ್ತೋ ಇಲ್ಲವೋ ಗೊತ್ತಿಲ್ಲ. ಆ ಕಿಡಿ ಉದುರುವುದನ್ನು ಮಾತ್ರ ಈಗಲೂ ನೋಡುತ್ತಿರುತ್ತೇನೆ, ಕೊಪ್ಪದ ಬಸ್ಸಿನಲ್ಲಿ, ಊಟಕ್ಕೆ ಕೂತಾಗ. ಅಜ್ಜಯ್ಯ ಕಾಲು ತೆಗೆಯುವುದೇ ಇಲ್ಲ. ಅಂದು ಅದು ಸಿಡಿದಿದ್ದರೆ ಅಮ್ಮ ಹುಟ್ಟುತ್ತಿರಲಿಲ್ಲ, ನಾನೂ.

ಕಟ್ಟು ಹಾಕಿಸಿದ ಫೋಟೋ ಅಜ್ಜಿಯ ಕೈಗಿಟ್ಟಾಗ ಬಾಂಬಿನ ಮಾತು ತುಟಿಗೆ ಬಂದಿತ್ತು. ಆದರೆ ಮೊದಲು ಕೇಳಿದ್ದು ಬೇರೆ. "ಹಳೇ ಫೋಟೋ ಹಿಂದೆ ನೀಲಿ ಶಾಯಿ ಯಾರದು ಅಜ್ಜಿ?"

"ನಂದೇ. ನಿಮ್ಮಜ್ಜಯ್ಯಂಗೆ ಕಾಗುಣಿತ ಎಲ್ಲಿ ಬರ್ತಿತ್ತು? ದೀರ್ಘನೇ ಹಾಕಿರ್ಲಿಲ್ಲ. ನಾನು ಮೂರನೇ ಕ್ಲಾಸ್ ಪಾಸು. ಕೊಟ್ಟ ದಿನಾನೇ ತಿದ್ದಿ ತೋರ್ಸಿದೆ."

"ಅವ್ರು ಎಂತ ಅಂದ್ರು?"

"ಎಂತ ಅಂತಾರೆ? ಸುಮಾರು ಹೊತ್ತು ನೋಡಿದ್ರು. ಈಗ ಸರಿಯಾಯ್ತು ಅಂದ್ರು."

ಅಜ್ಜಿ ಸೆರಗಿನಿಂದ ಗಾಜು ಒರೆಸಿದರು. "ಆ ಮೀನು ಎಂತದು ಅಂತ ಸ್ಟುಡಿಯೊದವ್ನಿಗೆ ಗೊತ್ತಾಯ್ತಾ?"

"ಇಲ್ಲ ಅಜ್ಜಿ, ಅವನಿಗೂ ಗೊತ್ತಾಗ್ಲಿಲ್ಲ."

ಮೊಳೆ ಹೊಡೆಯಲು ಸುತ್ತಿಗೆ ಎತ್ತಿಕೊಂಡೆ. ಫೋಟೋ ಅಜ್ಜಿಯ ತೊಡೆಯ ಮೇಲಿತ್ತು. ಮೆಲ್ಲಗೆ ಹೊಡೆದೆ.