ಮಡಿವಾಳೆಪ್ಪ ಚುಕ್ಕಿಗೆ ರುಮಾಲ ಸುತ್ತಿದ್ದು

ಸವದತ್ತಿಯ ಬಸ್‌ಸ್ಟ್ಯಾಂಡಿನ ಹಿಂದೆ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಮಡಿವಾಳೆಪ್ಪನಿಗೆ ಇಪ್ಪತ್ತು ವರ್ಷದ ಕಸುಬು ಒಂದು ಕಾಯ್ದೆ ಕಲಿಸಿತ್ತು: ಹಾಳೆಯಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು. ಮೇಲೆ ದೇವರಿರುತ್ತಾರೆ, ಆಮೇಲೆ ಸ್ವಾಮಿಗಳು, ಆಮೇಲೆ ಹಿರಿಯರು. ಇವರಲ್ಲಿ ಒಬ್ಬರು ಬಿಟ್ಟುಹೋದರೂ ಹಂದರದಲ್ಲೇ ಜಗಳ. ಕಟ್ಟಕಡೆಗೆ ‘ನಮ್ಮ ಕಾಕಾನ ಲಗ್ನಕ್ಕೆ ತಪ್ಪದೆ ಬರ್ರಿ’ ಎನ್ನುವ ಕೂಸುಗಳ ಹೆಸರು. ಅವಕ್ಕೆ ಇನ್ನೂ ಓದಲು ಬಾರದು; ತಕರಾರು ಇಲ್ಲ.

ಅಚ್ಚಿನ ಮೊಳೆ ಜೋಡಿಸುವುದನ್ನು ಬಿಟ್ಟು ಕಂಪ್ಯೂಟರ್ ತಂದ ಮೇಲೆ ಅವನು ಹುಬ್ಬಳ್ಳಿಗೆ ಹೋಗಿ ಆರು ತಿಂಗಳು ಪ್ರೋಗ್ರಾಮ್ ಬರೆಯುವುದನ್ನೂ ಕಲಿತ. ಅಂದಿನಿಂದ ಚಹಾದಂಗಡಿಯಲ್ಲಿ ಯಾರು ಏನು ಕೇಳಿದರೂ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉತ್ತರ ಕೊಡುತ್ತಿದ್ದ.

೨೦೦೩ರ ಫೆಬ್ರವರಿಯಲ್ಲಿ ಅಕ್ಕನ ಮಗಳು ಯಶೋಧಾ ಬಂದಳು. ಅವಳದು ಚುಕ್ಕಿಗಳ ಮೇಲೆ ಪಿಎಚ್‌ಡಿ. ಒಂದು ಚುಕ್ಕಿ ಆಗಾಗ ಮಂಕಾಗಿ ಮತ್ತೆ ಬೆಳಗುತ್ತದೆ. ಯಾವ ಹೊತ್ತಿಗೆ ಎಷ್ಟು ಬೆಳಕು ಎಂದು ಯುಗಾದಿಯೊಳಗೆ ವರದಿ ಒಪ್ಪಿಸಬೇಕು. ತಪ್ಪಿದರೆ ಒಂದು ವರ್ಷ ಹಿಂದೆ.

“ಮಾಮಾ, ಪ್ರತಿ ಫೋಟೋದ ಫೈಲಿನ ತಲಿಮ್ಯಾಲೆ ಒಂದು ಬರಹ ಇರತೈತಿ. ಯಾವ ಚುಕ್ಕಿ, ಯಾವ ದುರ್ಬೀನು ಅಂತ. ಅದರ ನಮೂನಿಗೆ ಎಪ್ಪತ್ತೆರಡು ಸಾಲು. ನನ್ನ ಹಳೇ ಪ್ರೋಗ್ರಾಮ್ ಮೂವತ್ತಾರರ ಮುಂದ ಓದಂಗಿಲ್ಲ. ನಮೂನಿ ಸಣ್ಣದು ದೊಡ್ಡದು ಮಾಡೂದೊಂದು ಬರಕೊಡು. ಖಾಲಿ ಸಾಲಷ್ಟ ತಗೀಬೇಕು.”

“ಏ ಹುಡುಗಿ, ನನಗ ಹೇಳತೀಯೇನ? ಹತ್ತು ಸಾವಿರ ಲಗ್ನ ಕತ್ತರಿಸಿದ ಕೈ ಇದು.”

ಯಶೋಧಾ ಫೋಟೋಗಳ ಹಾರ್ಡ್‌ಡಿಸ್ಕನ್ನು ಸೀಡಿ ಮಾಡಿಡಲು ಅವನಲ್ಲಿ ಬಿಟ್ಟುಹೋದಳು. ಹನ್ನೊಂದು ರಾತ್ರಿ ಕಾದು ತೆಗೆದ ನಲವತ್ತು ಫೋಟೋ. ಬೇರೆ ಪ್ರತಿಯಿಲ್ಲ, ವೀಕ್ಷಣಾಲಯದವರು ತಿಂಗಳಾದ ಮೇಲೆ ಅಳಿಸಿಬಿಡುತ್ತಾರೆ; ಆ ತಿಂಗಳು ಕಳೆದಿತ್ತು.

ಮಡಿವಾಳೆಪ್ಪ ನಾಲ್ಕು ದಿನದಲ್ಲಿ ಪ್ರೋಗ್ರಾಮ್ ಬರೆದ. ಚಿತ್ರವಿಲ್ಲ, ಗುಂಡಿಯಿಲ್ಲ, ಕಪ್ಪು ಪರದೆಯ ಮೇಲೆ ಅದರ ಹೆಸರು ಒತ್ತಿ, ಎಷ್ಟು ಸಾಲು ಬೇಕೆಂದು ಒತ್ತಿದರೆ ಮುಗಿಯಿತು. ತಲೆಯ ಅಳತೆಗೆ ಸುತ್ತುವುದಾದ್ದರಿಂದ ‘ರುಮಾಲ’ ಎಂದು ಹೆಸರಿಟ್ಟ. ಖಾಲಿ ನಮೂನೆಯ ಮೇಲೆ ಓಡಿಸಿ ನೋಡಿದ. ಎಪ್ಪತ್ತೆರಡು ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮೂವತ್ತಾರು. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಮಾಮಾ ಎನ್ನಿಸಿಕೊಂಡು ಉಳಿಯುತ್ತಿದ್ದ. ಸೋದರಸೊಸೆಗೆ ಬೆರಗಾಗಲೆಂದು ಹಾರ್ಡ್‌ಡಿಸ್ಕಿನಲ್ಲಿದ್ದ ನಲವತ್ತೂ ಫೋಟೋಗಳ ಮೇಲೆ ಓಡಿಸಿ, ಆಮೇಲೆ ಸೀಡಿ ಮಾಡಿದ. ಕತ್ತರಿಸುವ ಮೊದಲು ಒಂದು ಫೋಟೋದ ತಲೆಬರಹ ಮಾತ್ರ ಅಚ್ಚು ಹಾಕಿದ್ದ; ಅದನ್ನು ಬಂದವರೆಲ್ಲ ನೋಡಲೆಂದು ಕೌಂಟರಿನ ಗಾಜಿನಡಿ ಇಟ್ಟ.

ಮೂರನೆಯ ದಿನ ಹೂಲಿಯ ಗಂಗಪ್ಪ ಮಗಳ ಲಗ್ನಪತ್ರಿಕೆ ಬರೆಸಲು ಬಂದ. ಗಾಜಿನ ಮೇಲೆ ಬಗ್ಗಿದ.

“ಇದು ಯಾರ ಲಗ್ನದ್ದರಿ?”

“ಲಗ್ನದ್ದಲ್ಲೋ ಮಾರಾಯಾ. ಆಕಾಶದ ಚುಕ್ಕಿದು.”

“ಯಾರದರ ಇರಲ್ರಿ, ಅಕ್ಕಿಕಾಳು ಹಾಕೂದು ಎಷ್ಟು ಗಂಟೇಕ? ಹೊತ್ತು ಹಾಕದ ಪತ್ರಿಕಿ ಇರತೈತೇನ್ರಿ?”

ಮಡಿವಾಳೆಪ್ಪ ನಗುತ್ತಲೇ ಹೊತ್ತು ಹುಡುಕಿದ. ಮೇಲಿಲ್ಲ, ನಡುವೆ ಇಲ್ಲ. ಕಟ್ಟಕಡೆಯ ಸಾಲಿನಲ್ಲಿ, ಕೂಸುಗಳ ಹೆಸರಿರಬೇಕಾದಲ್ಲಿ, ತಾರೀಖು, ತಾಸು, ಮಿನಿಟು ಕೂತಿದ್ದವು. ದುರ್ಬೀನು ಫೋಟೋ ತೆಗೆದು ಮುಗಿಸಿ, ಕೊನೆಗೆ ಹೊತ್ತು ಬರೆಯುತ್ತದೆ. ನಮೂನೆಯಲ್ಲಿ ಆ ಸಾಲು ಖಾಲಿಯೇ ಇತ್ತು. ರುಮಾಲ ಕೆಳಗಿನಿಂದ ಕತ್ತರಿಸಿತ್ತು. ನಡುವಿನ ಖಾಲಿ ಸಾಲುಗಳು ಮಾತ್ರ ಹಿರಿಯರ ಹಾಗೆ ಭದ್ರವಾಗಿದ್ದವು.

ನಲವತ್ತೂ ಫೈಲು ತೆರೆದು ನೋಡಿದ. ಒಂದರಲ್ಲೂ ಹೊತ್ತಿಲ್ಲ.

“ಸೀಡಿ ಕೆಟ್ಟೈತಿ ಅಂದ್ರ ಹೆಂಗ?” ಎಂದು ಊಟಕ್ಕೆ ಕೂತಾಗ ಹೆಂಡತಿ ಅನ್ನಪೂರ್ಣಾಳನ್ನು ಕೇಳಿದ.

“ಊರ ಮಂದಿಗೆಲ್ಲ ನಾನ ಮಾಡೇನಿ, ನಾನ ಮಾಡೇನಿ ಅಂತ ಸಾರಿ ಬಂದೀರಿ. ಈಗ ಸೀಡಿ ಮಾಡೈತೇನು? ಇದನ್ನೂ ನೀವ ಮಾಡೀರಿ, ಹೇಳ್ರಿ.”

ರವಿವಾರ ಯಶೋಧಾ ಬಂದಳು. ಅವನು ಒಂದೇ ಉಸಿರಿಗೆ ಹೇಳಿದ. ಕಣ್ಣು ಮುಚ್ಚಲಿಲ್ಲ.

“ನಿನ್ನ ವಹಿಯೊಳಗ ಬರಕೊಂಡಿರಬೇಕಲ್ಲ ತಂಗಿ?”

“ತಾರೀಖು ಬರಕೊಂಡೇನಿ. ತಾಸು, ಮಿನಿಟು ಫೈಲಿನಾಗ ಇರತಾವ ಅಂತ ಬಿಟ್ಟೆ.” ಕೌಂಟರಿನ ಮೇಲೆ ಬಗ್ಗಿ, “ಗಾಜು ತಗಿ ಮಾಮಾ,” ಎಂದಳು.

ಗಾಜಿನಡಿಯ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ನಲವತ್ತರಲ್ಲಿ ಒಂದು ಉಳಿಯಿತು, ಅದೂ ಮಾಮಾನ ಡೌಲಿನ ಪುಣ್ಯದಿಂದ. ಆ ಚುಕ್ಕಿ ಮತ್ತೆ ರಾತ್ರಿ ಕೈಗೆ ಸಿಗುವುದು ದಸರಾ ಕಳೆದ ಮೇಲೆ. ಚಹಾ ಕುಡಿಯದೆ ಧಾರವಾಡದ ಬಸ್ಸು ಹತ್ತಿದಳು.

ಗಂಗಪ್ಪನ ಪತ್ರಿಕೆಯಲ್ಲಿ ಒಂದನ್ನೂ ಕತ್ತರಿಸದೆ ಹನ್ನೆರಡೂ ಕೂಸುಗಳ ಹೆಸರು ಬಂದವು. “ಇರುವಿ ಹರದಾಡಿದಂಗ ಕಾಣತಾವಲ್ರಿ ಅಕ್ಷರ,” ಎಂದು ಗಂಗಪ್ಪ ರೇಗಿದ. ಮಡಿವಾಳೆಪ್ಪ ಆ ವಾರವೇ ರುಮಾಲವನ್ನು ತಿದ್ದಿದ್ದ. ಈಗ ಅದು ಖಾಲಿ ಸಾಲು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಸೀಡಿಯಲ್ಲಿ ಹಾಕಿ ಯಶೋಧಾಗೆ ಅಂಚೆಯಲ್ಲಿ ಕಳಿಸಿದ. ಉತ್ತರ ಬರಲಿಲ್ಲ.

ದಸರಾ ಮುಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದ.

“ಚುಕ್ಕಿ ಬಂತಂತೇನವಾ?”

“ಬಂತಂತ. ಮತ್ತ ಫೋಟೋ ತಗಿಯಾಕ ಹತ್ತ್ಯಾಳ.”

“ನನ್ನ ರುಮಾಲ…”

“ಅದೇನೋ ನನಗ ತಿಳಿಯಂಗಿಲ್ಲಪ್ಪಾ. ಆಕಿ ಈಗ ಹೊತ್ತು ವಹಿಯೊಳಗ ಬರಕೊಳ್ತಾಳ. ಕೈಲೆ.”