ವಿಭೂತಿ ಹಚ್ಚಿದ ಫ್ಯಾನ್ ಯಾವ ಕಡೆ ನೋಡಬೇಕು?

ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಮತ್ತೆ ಆಫ್ ಆಯಿತು.

ಗಾಬರಿಯಾಗಬೇಡಿ, ಮದುವೆ ಚೆನ್ನಾಗಿಯೇ ಆಗಿದೆ. ಅದರ ವಿಡಿಯೋ ಎಡಿಟ್ ಮಾಡಿ ರೆಂಡರ್‌ಗೆ ಹಾಕಿದ್ದೆ. ತುಣುಕುಗಳೆಲ್ಲ ಸೇರಿ ಒಂದೇ ವಿಡಿಯೋ ಆಗಬೇಕು ಅನ್ನುವಷ್ಟರಲ್ಲಿ, ಪ್ರತಿ ಸಲ ಹೆಚ್ಚುಕಡಿಮೆ ಅಲ್ಲಿಗೇ ಬಂದು ಸಿಸ್ಟಮ್ ಕಣ್ಣು ಮುಚ್ಚುತ್ತಿತ್ತು.

ಶಿಗ್ಗಾಂವಿಯ ಸ್ಟುಡಿಯೋ ಬಿಟ್ಟು ಮನೆಯಲ್ಲೇ ಸ್ವಂತ ಕೆಲಸ ಶುರು ಮಾಡಿದ ಮೇಲೆ ನನ್ನ ಕೈಗೆ ಬಂದ ಮೊದಲ ಮದುವೆ ಅದು. ಬಿಟ್ಟು ಬರುವಾಗ ಅಲ್ಲಿನ ಮಾಲೀಕರು ನಕ್ಕಿದ್ದರು. “ಅಡಿಗಿ ಮನಿ ಬಾಜೂ ಕುಂತು ಎಡಿಟಿಂಗ್ ಆಗಂಗಿಲ್ಲ ತಂಗಿ.”

ಆ ನಗು ಒಂದು ಕಡೆ ಇರಲಿ. ನನಗೆ ಚಿಂತೆ ಇದ್ದದ್ದು ತಿಳವಳ್ಳಿಯ ಶಾಂತವ್ವನವರದು. ಮದುಮಗಳ ಅವ್ವ. ಮದುವೆಯ ವಾರದಲ್ಲೇ ಹಿತ್ತಲಲ್ಲಿ ಜಾರಿ ಕಾಲು ಮುರಿದುಕೊಂಡು, ಒಬ್ಬಳೇ ಮಗಳ ಮದುವೆಯ ದಿನ ಹುಬ್ಬಳ್ಳಿ ಆಸ್ಪತ್ರೆಯ ಮಂಚದ ಮೇಲೆ ಇದ್ದವರು.

ಮಗಳು ಮೊಬೈಲಿನಲ್ಲಿ ತೋರಿಸಲಿಕ್ಕೆ ಹೋದರೆ ಕೈ ಅಡ್ಡ ಹಿಡಿದರಂತೆ. ನನಗೂ ಫೋನ್ ಮಾಡಿ ಹೇಳಿದರು: “ತುಣುಕು ತುಣುಕು ಬ್ಯಾಡವಾ. ಮದುವಿಗೆ ಬಂದಂಗ ಮೊದಲಿಂದ ಕೊನಿತನಕ ಕುಂತು ನೋಡತೇನಿ.”

ಭಾನುವಾರ ಮಗಳು-ಅಳಿಯ ಅವರ ಮನೆಗೆ ಬರುವವರಿದ್ದರು. ಅಷ್ಟರೊಳಗೆ ತಂದುಕೊಡುತ್ತೇನೆ ಅಂದುಬಿಟ್ಟಿದ್ದೆ.

ಇತ್ತ ನೋಡಿದರೆ ಪ್ರೊಸೆಸರ್ ಬಿಸಿ ನೂರು ಡಿಗ್ರಿಯ ಹತ್ತಿರ ಹೋಗಿ ಕುಳಿತಿದೆ...

ರಿಪೇರಿಯವರಿಗೆ ಫೋನ್ ಮಾಡಿದೆ. ಪ್ರೊಸೆಸರ್ ಹೋಗಿರಬೇಕು, ತಂದು ಬಿಟ್ಟು ಹೋಗಿ, ಮುಂದಿನ ವಾರ ನೋಡೋಣ ಅಂದರು. ಮುಂದಿನ ವಾರ! ನನಗೆ ಸಿಟ್ಟು ನೆತ್ತಿಗೇರಿತು.

ಹಳೆಯ ಸ್ಟುಡಿಯೋಗೆ ಒಯ್ದರೆ ಕೆಲಸ ಆಗುತ್ತದೆ, ಗೊತ್ತು. ಆದರೆ ಆ ಮೆಟ್ಟಿಲು ಹತ್ತಲಿಕ್ಕೆ ಮನಸ್ಸಿಲ್ಲ. ಶನಿವಾರ ಮಧ್ಯಾಹ್ನದವರೆಗೆ ಕೈಲಾದದ್ದೆಲ್ಲ ಮಾಡುವುದು, ಆಗದಿದ್ದರೆ ಮಾತ್ರ ನಾಚಿಕೆ ಬಿಟ್ಟು ಹೋಗುವುದು ಅಂತ ಗಟ್ಟಿ ಮಾಡಿಕೊಂಡೆ.

ಕಂಪ್ಯೂಟರ್ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ರೆಂಡರ್ ವಧೂವರರ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವವರೆಗೂ ಬಂದು ಮತ್ತೆ ನಿಂತಿತು.

ಧೂಳಾದರೂ ಇದೆಯೇ ಅಂದರೆ ಅದೂ ಇಲ್ಲ. ಆಯುಧ ಪೂಜೆಗೆ ನಮ್ಮ ಮನೆಯವರು ಟ್ರ್ಯಾಕ್ಟರ್ ತೊಳೆದ ಹುರುಪಿನಲ್ಲೇ ಪ್ರೊಸೆಸರ್ ಮೇಲಿನ ಫ್ಯಾನನ್ನೂ ಬಿಚ್ಚಿ, ಬ್ರಷ್ ಹಾಕಿ ಹೊಳೆಯುವಂತೆ ಮಾಡಿ ಕೂರಿಸಿದ್ದರು. ಕೂರಿಸುವ ಮೊದಲು ಅತ್ತೆ ಅದರ ನಡುವಿನ ಸ್ಟಿಕರ್ ಮೇಲೆ ವಿಭೂತಿ ಎಳೆದು ಕುಂಕುಮ ಇಟ್ಟಿದ್ದರು.

ಆಮೇಲೆ ಬಂದದ್ದೆಲ್ಲ ಲಗ್ನಪತ್ರಿಕೆ, ಪಾಸ್‌ಪೋರ್ಟ್ ಫೋಟೋದಂಥ ಸಣ್ಣ ಕೆಲಸ. ಮಷಿನ್ ಬೆವರುವಂಥ ಕೆಲಸ ಇದೇ ಮೊದಲು.

ಶುಕ್ರವಾರ ಬೆಳಿಗ್ಗೆ ಅತ್ತೆ ಊದಿನಕಡ್ಡಿ ಹಿಡಿದು ಬಂದರು. ನಮ್ಮಲ್ಲಿ ಹೊಲಿಗೆ ಮಷಿನ್, ಮಿಕ್ಸರ್, ಕಂಪ್ಯೂಟರ್ ಎಲ್ಲಕ್ಕೂ ಶುಕ್ರವಾರದ ಪೂಜೆ ತಪ್ಪುವುದಿಲ್ಲ.

“ಗಾಳಿ ಬಂದ್ ಮಾಡವಾ, ಬೂದಿ ಹಾರತೈತಿ” ಅಂದರು. ಟೇಬಲ್ ಫ್ಯಾನ್ ಆರಿಸಿದೆ. ರೆಂಡರ್ ಮಾತ್ರ ಓಡುತ್ತಲೇ ಇತ್ತು.

ಬೇರೆ ಮಾಡಲಿಕ್ಕೆ ಏನೂ ತೋಚದೆ ಹೊಗೆಯನ್ನೇ ನೋಡುತ್ತಾ ಕುಳಿತೆ. ಕ್ಯಾಬಿನೆಟ್ಟಿನ ಮುಂದಿನ ಜಾಲರಿಯ ಹತ್ತಿರ ಹೊಗೆ ಒಳಗೆ ಹೋಯಿತು. ಹಿಂದಿನ ಫ್ಯಾನಿನ ಹತ್ತಿರ ಹೊರಗೆ ಹಾರಿತು. ಎರಡೂ ಸರಿ. ಗಾಳಿ ಮುಂದಿನಿಂದ ಬಂದು, ಪ್ರೊಸೆಸರ್ ಮೇಲಿನ ತಗಡಿನ ಪಟ್ಟಿಗಳ ಗೋಪುರವನ್ನು ಹಾದು, ಬಿಸಿ ಹೊತ್ತುಕೊಂಡು ಹಿಂದೆ ಹೋಗಬೇಕು.

ಆಮೇಲೆ ಅತ್ತೆ ಕಡ್ಡಿಯನ್ನು ಒಳಗಿನ ವಿಭೂತಿ ಫ್ಯಾನಿನ ಮುಂದೆ ಹಿಡಿದರು.

ಹೊಗೆ ಗೋಪುರದ ಕಡೆ ಹೋಗಲೇ ಇಲ್ಲ. ಉಲ್ಟಾ ಮುಂದಕ್ಕೆ ಓಡಿ, ಜಾಲರಿಯಿಂದ ಬರುವ ಗಾಳಿಗೆ ಡಿಕ್ಕಿ ಹೊಡೆದು, ಸೀದಾ ನನ್ನ ಮುಖಕ್ಕೆ ಬಂತು.

ಕೆಮ್ಮುತ್ತಲೇ ಎದ್ದು ನಿಂತೆ. ಫ್ಯಾನ್ ಗಾಳಿ ಬಿಡುವುದು ಸ್ಟಿಕರ್ ಇರುವ ಮುಖದಿಂದ. ಆ ಮುಖ ಗೋಪುರದ ಕಡೆ ಇರಬೇಕು. ನಮ್ಮದರಲ್ಲಿ ವಿಭೂತಿ ಹೊರಗೆ ನೋಡುತ್ತಿದೆ! ಬಿಸಿಗಾಳಿ ಹೊರಗೆ ಹೋಗದೆ ಒಳಗೊಳಗೇ ಸುತ್ತುತ್ತಿದೆ.

ಮನೆಯವರನ್ನು ಕೇಳಿದರೆ ತಣ್ಣಗೆ ಅಂದರು: “ಮತ್ತ? ವಿಭೂತಿ ಹಚ್ಚಿದ ಮುಖ ಯಾರರ ಒಳಗ ಮಾಡಿ ಕೂಡಸ್ತಾರೇನು?”

ಇದಕ್ಕೆ ಏನು ಹೇಳುತ್ತೀರಿ...

ತಿರುಗಿಸಿ ಹಾಕಬೇಕು ಅನ್ನುವಾಗ ಅತ್ತೆಯ ಮುಖ ನೋಡಲಿಕ್ಕೆ ಅಳುಕಾಯಿತು. ಅವರು ಕಡ್ಡಿ ಸಿಗಿಸಿ, ಕ್ಯಾಬಿನೆಟ್ಟಿನೊಳಗೆ ಒಂದು ಸಲ ಇಣುಕಿ ಅಂದರು: “ಸುಡಾಕತ್ತಿದ್ದು ಒಳಗ ಅಲ್ಲೇನು? ದೇವರು ಅತ್ಲಾಗ ನೋಡಲಿ. ತಿರಗಸು.”

ಸಿಸ್ಟಮ್ ಆಫ್ ಮಾಡಿ, ವೈರ್ ಕಿತ್ತು, ತಂತಿ ಕ್ಲಿಪ್ ಬಿಚ್ಚಿ ಫ್ಯಾನನ್ನು ತಿರುಗಿಸಿ ಹಾಕಿದೆ. ಪಕ್ಕದ ಬಾಗಿಲನ್ನೂ ಮುಚ್ಚಿದೆ, ಗಾಳಿ ಅಡ್ಡದಾರಿ ಹಿಡಿಯದೆ ನೆಟ್ಟಗೆ ಹೋಗಲಿ ಅಂತ. ಮತ್ತೆ ರೆಂಡರ್ ಒತ್ತಿದೆ.

ಬಿಸಿ ಎಪ್ಪತ್ತು ದಾಟಲಿಲ್ಲ. ಮಾಂಗಲ್ಯಧಾರಣೆ ಬಂತು, ಹೋಯಿತು. ಅಕ್ಕಿಕಾಳು ಬಿತ್ತು. ಊಟದ ಪಂಕ್ತಿಯೂ ಎದ್ದಿತು. ಮುಗಿಯುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಭಾನುವಾರ ಪೆನ್‌ಡ್ರೈವ್ ಹಿಡಿದು ನಾನೇ ತಿಳವಳ್ಳಿಯ ಬಸ್ ಹತ್ತಿದೆ.

ಶಾಂತವ್ವ ಮದುವೆಗೆಂದು ತಂದಿದ್ದ ಹೊಸ ಇಳಕಲ್ ಸೀರೆ ಉಟ್ಟು, ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಟಿವಿ ಮುಂದೆ ಕುಳಿತಿದ್ದಾರೆ. ಬಲಗೈ ಮುಷ್ಟಿ ಬಿಗಿಯಾಗಿ ಮುಚ್ಚಿದೆ. ಕಾಲು ನೋಯುತ್ತಿರಬೇಕು ಅಂದುಕೊಂಡೆ.

ಟಿವಿಯಲ್ಲಿ ಮಾಂಗಲ್ಯಧಾರಣೆಗೆ ವಾಜಂತ್ರಿಯವರ ವಾದ್ಯ ಜೋರಾಯಿತು. ಶಾಂತವ್ವ ಮುಷ್ಟಿ ಬಿಚ್ಚಿ ಅಕ್ಕಿಕಾಳು ಎಸೆದರು. ಪಕ್ಕದಲ್ಲಿದ್ದ ಮಗಳು ಎದ್ದು ಹೋಗಿ ಟಿವಿಯ ಮುಂದೆ ತಲೆ ಬಾಗಿಸಿ ಕುಳಿತಳು. ಉಳಿದ ಕಾಳು ಅವಳ ತಲೆಯ ಮೇಲೆ ಬಿದ್ದವು.

ನನಗೆ ಅಳು ತಡೆಯಲಾಗಲಿಲ್ಲ.

ಈಗ ನೀವೇ ಹೇಳಿ, ಅಡುಗೆ ಮನೆಯ ಪಕ್ಕ ಕುಳಿತು ಎಡಿಟಿಂಗ್ ಆಗುವುದಿಲ್ಲವೇ?